ಲೇಖನಿಯೂ ಒಂದು ಕಾಯಕ

ಮಸ್ಕಿಯ ಬಂಡೆಯ ಮೇಲಿರುವ ಅಶೋಕ ಚಕ್ರವರ್ತಿಯ ಕಿರುಶಾಸನದ ಹೆಸರನ್ನು ಕೇಳದ ಕನ್ನಡಿಗರು ವಿರಳ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಈ ಬರೆಹ ಬಿದ್ದಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದಷ್ಟೇ ಕಾಣಿಸಿಕೊಳ್ಳುತ್ತಿದ್ದ ಅರಸನ ನಿಜನಾಮವು ಮೊದಲು ದೊರೆತದ್ದು ಈ ಕಲ್ಲಿನಲ್ಲಿಯೇ. ಆದರೆ ಆ ಅಕ್ಷರಗಳನ್ನು ಬರೆದ ಕೈ ಯಾರದು? ನಮಗೆ ದೊರೆತಿರುವ ಪಾಠದಲ್ಲಿ ಅರಸನ ಹೆಸರಿದೆ; ಬರೆದವನ ಹೆಸರು ಕಾಣುವುದಿಲ್ಲ.

ಇದಕ್ಕೆ ಪ್ರತಿಯಾಗಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿರುವ ಅದೇ ಚಕ್ರವರ್ತಿಯ ಶಾಸನಗಳ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬರೆದುಕೊಂಡಿದ್ದಾನೆ. ಅಷ್ಟೇ ಅಲ್ಲ, ‘ಲಿಪಿಕಾರ’ ಎಂಬ ತನ್ನ ವೃತ್ತಿನಾಮವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅರಸನ ಮಾತನ್ನು ಬರೆದ ಆತನು ತನ್ನ ಕೆಲಸಕ್ಕೂ ಒಂದು ಹೆಸರಿದೆಯೆಂಬುದನ್ನು ಮರೆಯಲಿಲ್ಲ. ಕನ್ನಡ ನೆಲದಲ್ಲಿ ಬರೆಯುವ ಕಸುಬಿನವನೊಬ್ಬನು ತನ್ನ ಹೆಸರನ್ನು ಉಳಿಸಿಹೋದ ಅತಿ ಪ್ರಾಚೀನ ನಿದರ್ಶನಗಳಲ್ಲಿ ಇದೊಂದು.

ಇಷ್ಟನ್ನು ಮೊದಲಿಗೆ ಹೇಳಲು ಕಾರಣವಿದೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರೂ ಊರುಗಳು ಒಂದೇ ಹೆದ್ದಾರಿಗೆ ಪೋಣಿಸಿದ ಮಣಿಗಳಂತಿವೆ. ಈ ಊರುಗಳಲ್ಲಿಯೂ ಇವುಗಳ ಸುತ್ತಣ ಹಳ್ಳಿಗಳಲ್ಲಿಯೂ ಪತ್ರಿಕೆಗಳಿಗೆ, ವಿಶೇಷಾಂಕಗಳಿಗೆ, ಆಕಾಶವಾಣಿಗೆ, ಸ್ಮರಣ ಸಂಚಿಕೆಗಳಿಗೆ, ಇತ್ತೀಚೆಗೆ ಅಂತರಜಾಲ ತಾಣಗಳಿಗೆ ಬರೆದುಕೊಡುವ ಅನೇಕರಿದ್ದಾರೆ. ಯಾವ ಪತ್ರಿಕೆಯ ಸಂಬಳದ ಪಟ್ಟಿಯಲ್ಲಿಯೂ ಅವರ ಹೆಸರಿಲ್ಲ. ಹಗಲು ಶಾಲೆ, ಹೊಲ, ಅಂಗಡಿ, ಅಡುಗೆಮನೆ, ರಾತ್ರಿ ಲೇಖನಿ. ಅವರ ಬರೆಹವನ್ನು ನಾವೆಲ್ಲರೂ ಓದುತ್ತೇವೆ. ಆದರೆ ಅವರ ದುಡಿಮೆಯನ್ನು ದುಡಿಮೆಯೆಂದು ಬಗೆದಿದ್ದೇವೆಯೇ? ಶರಣಬಂಧುಗಳ ಮುಂದೆ ಈ ಪ್ರಶ್ನೆಯನ್ನಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಹೆಸರಿನಲ್ಲೇ ಇರುವ ತೊಡಕು

ಇಂಗ್ಲಿಷಿನಲ್ಲಿ ಇಂಥವರನ್ನು ಫ್ರೀಲಾನ್ಸ್ ಬರೆಹಗಾರರೆನ್ನುತ್ತಾರೆ. ‘ಲಾನ್ಸ್’ ಎಂದರೆ ಈಟಿ. 1819ರ ಕೊನೆಯಲ್ಲಿ ಪ್ರಕಟವಾದ ಸರ್ ವಾಲ್ಟರ್ ಸ್ಕಾಟನ ‘ಐವನ್‌ಹೋ’ ಕಾದಂಬರಿಯಲ್ಲಿ, ಯಾವ ಒಡೆಯನಿಗೂ ಕಟ್ಟುಬೀಳದೆ ಹಣ ಕೊಟ್ಟವರ ಪರವಾಗಿ ಕಾದುವ ಯೋಧರಿಗೆ ಈ ಹೆಸರು ಬಳಕೆಯಾಗಿದೆ. ಮುಂದೆ ಅದು ಈಟಿಯನ್ನು ಬಿಟ್ಟು ಲೇಖನಿಯನ್ನು ಹಿಡಿಯಿತು. ಆ ಪದದಲ್ಲಿ ಎರಡು ಅರ್ಥಗಳು ಅಡಗಿವೆ: ಒಂದು ಸ್ವಾತಂತ್ರ್ಯ, ಇನ್ನೊಂದು ಕೂಲಿ.

ಕನ್ನಡದಲ್ಲಿ ನಾವು ಅದನ್ನು ‘ಹವ್ಯಾಸಿ’ ಎಂದು ಕರೆದೆವು. ಹವ್ಯಾಸವೆಂದರೆ ಬಿಡುವಿನ ವೇಳೆಯ ಅಭಿರುಚಿ, ಮನಸ್ಸಂತೋಷದ ಚಟುವಟಿಕೆ. ಅಂಚೆಚೀಟಿ ಸಂಗ್ರಹಿಸುವುದು ಹವ್ಯಾಸ, ಹೂದೋಟ ಬೆಳೆಸುವುದು ಹವ್ಯಾಸ. ಬರೆಯುವವನನ್ನೂ ಅದೇ ಸಾಲಿನಲ್ಲಿ ಕೂರಿಸಿದ ಮೇಲೆ ಅವನಿಗೆ ಕೂಲಿ ಕೊಡಬೇಕೆಂಬ ವಿಚಾರವೇ ನಮಗೆ ತೋಚದಾಯಿತು. ಹವ್ಯಾಸಕ್ಕೆ ಯಾರಾದರೂ ಕೂಲಿ ಕೊಡುವುದುಂಟೇ? ಒಂದು ಪದದ ಆಯ್ಕೆಯು ಒಂದು ಸಮುದಾಯದ ನಡವಳಿಕೆಯನ್ನು ಎಷ್ಟರಮಟ್ಟಿಗೆ ತಿದ್ದಬಲ್ಲುದು, ಕೆಡಿಸಲೂಬಲ್ಲುದು ಎಂಬುದಕ್ಕೆ ಇದು ಸಾಕ್ಷಿ. ಆದುದರಿಂದ ಇಲ್ಲಿ ನಾವು ‘ಬಿಡಿ ಬರೆಹಗಾರ’ ಎಂಬ ಮಾತನ್ನೇ ಬಳಸುತ್ತೇವೆ. ಬಿಡಿಯಾಗಿ ದುಡಿಯುವವನು, ಬಿಡಿ ಬಿಡಿ ಲೇಖನಗಳನ್ನು ಬರೆಯುವವನು ಎಂಬ ಎರಡೂ ಅರ್ಥಗಳು ಅದಕ್ಕೆ ಒಪ್ಪುತ್ತವೆ.

ನಡೆದು ಬಂದ ದಾರಿ

ಕೃಷ್ಣೆಯ ಆಚೆ ದಡದ ಸುರಪುರದಲ್ಲಿ 1841ರಿಂದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಫಿಲಿಪ್ ಮೆಡೋಸ್ ಟೇಲರರು ಅಧಿಕಾರಿಯಾಗಿದ್ದರೂ ಲೇಖನಿಯನ್ನು ಕೆಳಗಿಡಲಿಲ್ಲ. 1840ರಿಂದ 1853ರವರೆಗೆ ಅವರು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಭಾರತದ ಬಾತ್ಮೀದಾರರಾಗಿದ್ದರು. ಅದಕ್ಕೂ ಮುಂಚೆ 1839ರಲ್ಲಿ ಠಕ್ಕರ ಜೀವನವನ್ನು ಕುರಿತ ಅವರ ಕಾದಂಬರಿ ಪ್ರಕಟವಾಗಿತ್ತು. ಸುರಪುರದ ಸುತ್ತಲಿನ ಪ್ರಾಚೀನ ಕಲ್ಗೋರಿಗಳನ್ನು ಕುರಿತೂ ಅವರು ಪ್ರಬಂಧಗಳನ್ನು ಬರೆದರು. ಆಡಳಿತ, ಸುದ್ದಿ, ಕಾದಂಬರಿ, ಪುರಾತತ್ತ್ವ ಎಲ್ಲವೂ ಒಂದೇ ಕೈಯಿಂದ ಹೊರಟವು. ನಮ್ಮ ಸೀಮೆಯ ನೆರೆಯಲ್ಲಿದ್ದುಕೊಂಡು ದೂರದ ಪತ್ರಿಕೆಗೆ ಬರೆದವರಲ್ಲಿ ಅವರು ಮೊದಲಿಗರ ಸಾಲಿಗೆ ಸೇರತಕ್ಕವರು.

ಕನ್ನಡಿಗರಿಗೆ ಆ ಅನುಕೂಲ ತಡವಾಗಿ ಒದಗಿತು. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ್ದು 1843ರ ಜುಲೈ 1ರಂದು. ಆದರೆ ರಾಯಚೂರು ಸೀಮೆಯು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳಿಕೆಯಲ್ಲಿದ್ದಿತು. ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆಯೂ ಬಹುಮಟ್ಟಿಗೆ ಉರ್ದು. ಕನ್ನಡವನ್ನು ಮನೆಯಲ್ಲಿ ಆಡಿ, ಮಠದಲ್ಲಿ ಓದಿ ಉಳಿಸಿಕೊಂಡ ಕಾಲವದು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನವು ಈ ಭಾಗದ ಕನ್ನಡಿಗರಿಗೆ ಎಂಥ ಬಲವನ್ನಿತ್ತಿರಬೇಕೆಂಬುದನ್ನು ಇಂದು ಊಹಿಸಿಕೊಳ್ಳಬೇಕಷ್ಟೇ.

ಒಂದು ದೃಷ್ಟಿಯಿಂದ ಆ ಕಷ್ಟವೇ ವರವಾಯಿತು. ಉರ್ದು, ತೆಲುಗು, ಕನ್ನಡ ಮೂರನ್ನೂ ಬಲ್ಲ ಬರೆಹಗಾರರು ಇಲ್ಲಿ ಮೂಡಿಬಂದರು. ರಾಯಚೂರು ಜಿಲ್ಲೆಯ ಹೆಂಬೆರಾಳಿನ ಶಾಂತರಸರು ಉರ್ದುವಿನ ಗಜಲನ್ನು ಕನ್ನಡದ ಮನೆಗೆ ಬರಮಾಡಿಕೊಂಡ ಹಿರಿಯರು. 2006ರ ಬೀದರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. ಇಂದಿಗೂ ಈ ಭಾಗದ ಬಿಡಿ ಬರೆಹಗಾರರಿಗೆ ಭಾಷಾಂತರವು ಕೈಹಿಡಿದ ವಿದ್ಯೆಯಾಗಿದ್ದರೆ ಅದಕ್ಕೆ ಈ ಗಡಿನಾಡಿನ ಬಹುಭಾಷಾ ಸಂಸ್ಕಾರವೇ ಕಾರಣ.

ಇನ್ನು ಬರೆಹವನ್ನೇ ಬದುಕಾಗಿಸಿಕೊಂಡ ಮಹನೀಯರನ್ನು ನೆನೆಯುವುದಾದರೆ, ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರ ಹೆಸರು ಮೊದಲು ಬರುತ್ತದೆ. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ಬೆಳೆಸಿದ ಈ ಕಾದಂಬರಿಕಾರರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗರಿಗೆ ಓದುವ ರುಚಿಯನ್ನು ಹತ್ತಿಸಿದ ಆ ಹೆಗಲು ಕೊನೆಯವರೆಗೂ ಹಗುರಾಗಲಿಲ್ಲ.

ನಮ್ಮ ಸಮಾಜದಲ್ಲಿಯೇ ಹರ್ಡೇಕರ ಮಂಜಪ್ಪನವರು ‘ಧನುರ್ಧಾರಿ’, ‘ಶರಣ ಸಂದೇಶ’ ಪತ್ರಿಕೆಗಳಿಂದ ನಾಡನ್ನು ಎಚ್ಚರಿಸಿದರು. ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿ, 1926ರಲ್ಲಿ ‘ಶಿವಾನುಭವ’ವನ್ನೂ 1927ರಲ್ಲಿ ‘ನವಕರ್ನಾಟಕ’ವನ್ನೂ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದ ಆ ವಕೀಲರ ತ್ಯಾಗವನ್ನು ನಾವು ಪ್ರತಿವರ್ಷ ವೇದಿಕೆಗಳಲ್ಲಿ ಕೊಂಡಾಡುತ್ತೇವೆ. ಆದರೆ ಒಂದು ಸೂಕ್ಷ್ಮವನ್ನು ಮರೆಯಬಾರದು. ಹಳಕಟ್ಟಿಯವರು ತ್ಯಾಗ ಮಾಡಿದ್ದು ತಮ್ಮ ಸ್ವತ್ತನ್ನು. ತ್ಯಾಗವನ್ನು ತಾನು ಮಾಡುವುದು ಹಿರಿಮೆ; ಇನ್ನೊಬ್ಬನಿಂದ ಮಾಡಿಸುವುದು ಹಿರಿಮೆಯಲ್ಲ.

ಒಂದು ವರ್ಷದ ದುಡಿಮೆ

ಬಿಡಿ ಬರೆಹಗಾರನ ಕೆಲಸವು ಎಷ್ಟು ಬಗೆಯದೆಂಬುದು ಹೊರಗಿನವರಿಗೆ ತಿಳಿಯದು. ರೈತನಿಗೆ ಮಳೆನಕ್ಷತ್ರಗಳಿರುವಂತೆ ಅವನಿಗೂ ಒಂದು ಪಂಚಾಂಗವಿದೆ.

ಬನದ ಹುಣ್ಣಿಮೆಗೆ ಸಿಂಧನೂರು ತಾಲೂಕಿನ ಅಂಬಾಮಠದ ಜಾತ್ರೆ. ಅದಕ್ಕೆ ಮುಂಚಿತವಾಗಿ ಕ್ಷೇತ್ರಪರಿಚಯದ ಲೇಖನ ಪತ್ರಿಕೆಯ ಕಚೇರಿಯನ್ನು ತಲುಪಿರಬೇಕು. ಮಹಾಶಿವರಾತ್ರಿಗೆ ಒಂದು ಚಿಂತನ, ಯುಗಾದಿ ವಿಶೇಷಾಂಕಕ್ಕೆ ಒಂದು ಕಥೆಯೋ ಹರಟೆಯೋ, ಬಸವ ಜಯಂತಿಗೆ ಒಂದು ವಿಚಾರಲೇಖನ. ಬೇಸಿಗೆಯ ರಜೆಯಲ್ಲಿ ಪ್ರವಾಸದ ಬರೆಹಗಳಿಗೆ ಬೇಡಿಕೆ. ಮುದಗಲ್ಲಿನ ಕೋಟೆ, ಜಲದುರ್ಗ, ಮಸ್ಕಿಯ ಬೆಟ್ಟದ ಮಲ್ಲಿಕಾರ್ಜುನ, ಆಲ್ಚಿನ್ನರು ಉತ್ಖನನ ಮಾಡಿದ ಪಿಕ್ಲಿಹಾಳದ ಶಿಲಾಯುಗದ ನೆಲೆ, ಇವೆಲ್ಲವೂ ಲಿಂಗಸುಗೂರು, ಮಸ್ಕಿಯ ಬರೆಹಗಾರನ ಮನೆಯಂಗಳದಲ್ಲಿಯೇ ಇವೆ. ಶ್ರಾವಣದಲ್ಲಿ ಪುರಾಣ ಪ್ರವಚನಗಳ ವರದಿ, ಸೆಪ್ಟೆಂಬರ್ 17ಕ್ಕೆ ವಿಮೋಚನೆಯ ಇತಿಹಾಸ, ದೀಪಾವಳಿಗೆ ಮತ್ತೆ ವಿಶೇಷಾಂಕ, ನವೆಂಬರಿನಲ್ಲಿ ನಾಡುನುಡಿ. ವಿಶೇಷಾಂಕದ ಲೇಖನವನ್ನು ಹಬ್ಬಕ್ಕೆ ಎರಡು ತಿಂಗಳು ಮೊದಲೇ ಕಳುಹಿಸಬೇಕಾಗುವುದರಿಂದ ಬರೆಹಗಾರನು ಶ್ರಾವಣದ ಜಿಟಿಮಳೆಯಲ್ಲಿ ಕುಳಿತು ದೀಪದ ಸಾಲನ್ನು ಕಣ್ಮುಂದೆ ತಂದುಕೊಳ್ಳುತ್ತಾನೆ.

ಇದು ಪಂಚಾಂಗದ ಕೆಲಸವಾಯಿತು. ಇದಲ್ಲದೆ ನೆಲದ ಕೆಲಸವಿದೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನಾಡು. 1953ರಲ್ಲಿ ಕಾಲುವೆಗೆ ನೀರು ಬಿಡತೊಡಗಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಬಗೆ, ಸವಳು ಜವಳಿನ ಪೀಡೆ, ಕಾಲುವೆಯ ಕೊನೆಯಂಚಿನ ರೈತನಿಗೆ ನೀರು ಮುಟ್ಟದ ಗೋಳು, ಇವುಗಳನ್ನು ರಾಜಧಾನಿಯಲ್ಲಿ ಕುಳಿತವರು ಬರೆಯಲಾರರು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕಿತ್ತುಹೋದ ಸುದ್ದಿ ನಾಡಿಗೆಲ್ಲ ಒಂದೇ ಸುದ್ದಿಯಾಗಿ ತಲುಪಿತು. ಆದರೆ ನಾಟಿ ಮಾಡಿ ನಿಂತವನಿಗೆ ಅದು ಒಂದು ಬಗೆ, ಎರಡನೆಯ ಬೆಳೆಯನ್ನು ನಂಬಿ ಸಾಲ ಮಾಡಿದವನಿಗೆ ಇನ್ನೊಂದು ಬಗೆ. ಈ ವ್ಯತ್ಯಾಸವನ್ನು ತಿಳಿದು ಹೇಳಬಲ್ಲವನು ಆ ಗದ್ದೆಯ ಬದುವಿನ ಮೇಲೆ ಓಡಾಡಿದವನೇ. ಪುತ್ತೂರಿನ ‘ಅಡಿಕೆ ಪತ್ರಿಕೆ’ಯು 1988ರಿಂದ ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟು ಬರೆಯಿಸಿದ ಪ್ರಯೋಗವು ಯಶಸ್ಸು ಕಂಡುದರ ಗುಟ್ಟು ಇದೇ ಆಗಿದೆ.

ಇದರ ಮೇಲೆ ಊರವರ ಬೇಡಿಕೆಗಳು. ಮದುವೆಯ ಕರೆಯೋಲೆಯ ಒಕ್ಕಣೆ, ಸಹಕಾರ ಸಂಘದ ವಾರ್ಷಿಕ ವರದಿ, ನಿವೃತ್ತ ಗುರುಗಳ ಅಭಿನಂದನ ಗ್ರಂಥ, ಲಿಂಗೈಕ್ಯ ಹಿರಿಯರ ಚರಿತ್ರೆ, ಜಾತ್ರೆಯ ಸ್ಮರಣ ಸಂಚಿಕೆ, ರಾಜಕೀಯ ಮುಖಂಡರ ಭಾಷಣ, ಕಲಬುರಗಿ ಅಥವಾ ರಾಯಚೂರು ಆಕಾಶವಾಣಿಗೆ ಐದು ನಿಮಿಷದ ಚಿಂತನ, ತೆಲುಗಿನಿಂದ ಒಂದು ಕಥೆಯ ಅನುವಾದ. ಬೆಳಿಗ್ಗೆ ಭತ್ತದ ಬೆಂಕಿರೋಗವನ್ನು ಕುರಿತು ಬರೆದವನು ಸಂಜೆ ಅಲ್ಲಮನ ಶೂನ್ಯತತ್ತ್ವವನ್ನು ಕುರಿತು ಬರೆಯಬೇಕಾಗುತ್ತದೆ. ಒಂದೊಂದಕ್ಕೂ ಒಂದೊಂದು ಭಾಷೆ, ಒಂದೊಂದು ಅಳತೆ. ‘ಕಸ್ತೂರಿ’ಯನ್ನು ದೀರ್ಘಕಾಲ ನಡೆಸಿದ ಪಾ.ವೆಂ. ಆಚಾರ್ಯರು ಗಂಭೀರ ಲೇಖನಗಳ ಜೊತೆಗೆ ಲಾಂಗೂಲಾಚಾರ್ಯರೆಂಬ ಹೆಸರಿನಲ್ಲಿ ಹರಟೆಗಳನ್ನೂ ಬರೆದರೆಂಬುದನ್ನು ಬಲ್ಲವರಿಗೆ ಈ ಬಹುರೂಪದ ಕಷ್ಟವೂ ಸೊಗಸೂ ಅರ್ಥವಾದೀತು.

ಹಟ್ಟಿಯ ಚಿನ್ನದ ಗಣಿ ಇರುವುದು ಲಿಂಗಸುಗೂರು ತಾಲೂಕಿನಲ್ಲಿ. ಒಂದು ಟನ್ ಅದಿರನ್ನು ನೆಲದಾಳದಿಂದ ಎತ್ತಿ, ಕುಟ್ಟಿ, ಪುಡಿ ಮಾಡಿ, ಸೋಸಿದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಮೂರು ಪುಟದ ಲೇಖನವೂ ಹಾಗೆಯೇ. ಅದರ ಹಿಂದೆ ನಾಲ್ಕು ಊರಿನ ಓಡಾಟ, ಹತ್ತು ಜನರ ಮಾತು, ಎರಡು ಗ್ರಂಥಾಲಯಗಳ ಧೂಳು ಇರುತ್ತವೆ. ಓದುಗನ ಕೈಗೆ ಬರುವುದು ಗ್ರಾಂ ಲೆಕ್ಕದ ಚಿನ್ನ. ಟನ್ನಿನ ಭಾರ ಬರೆದವನಿಗೆ ಮಾತ್ರ ಗೊತ್ತು.

ಹಾರ, ಶಾಲು ಮತ್ತು ಸಂಭಾವನೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಇಷ್ಟು ದುಡಿದವನಿಗೆ ಸಿಗುವುದೇನು?

ದೊಡ್ಡ ಪತ್ರಿಕೆಗಳು ತಮ್ಮದೇ ಕ್ರಮದಲ್ಲಿ ಗೌರವ ಸಂಭಾವನೆಯನ್ನು ಕಳಿಸುತ್ತವೆ. ಹಿಂದೆ ಅದು ಅಂಚೆಯಣ್ಣನ ಕೈಯಲ್ಲಿ ಮನಿಯಾರ್ಡರಾಗಿ ಬರುತ್ತಿತ್ತು. ಈಗ ಬ್ಯಾಂಕಿನ ಖಾತೆಗೆ ಸೇರುತ್ತದೆ. ಆ ಮೊತ್ತವು ಅನೇಕ ವೇಳೆ ಓಡಾಟದ ಬಸ್ ಚಾರ್ಜಿಗೂ ಛಾಯಾಚಿತ್ರದ ಖರ್ಚಿಗೂ ಸಾಲದು. ಆದರೂ ಕೊಡುವ ಕ್ರಮವಾದರೂ ಅಲ್ಲಿದೆ. ನಮ್ಮ ಸಂಘ ಸಂಸ್ಥೆಗಳ ವಿಷಯಕ್ಕೆ ಬಂದರೆ ಆ ಕ್ರಮವೂ ಬಹಳ ಕಡೆ ಇಲ್ಲ. ಒಂದು ಶತಮಾನೋತ್ಸವದ ಲೆಕ್ಕಪತ್ರವನ್ನು ತೆರೆದು ನೋಡಿರಿ. ಪೆಂಡಾಲಿಗೆ ಹಣ, ಧ್ವನಿವರ್ಧಕಕ್ಕೆ ಹಣ, ಅಡುಗೆಯವರಿಗೆ ಹಣ, ಮುದ್ರಕನಿಗೆ ಹಣ, ಕಾಗದಕ್ಕೆ ಹಣ. ಬರೆದವನಿಗೆ ಒಂದು ಹಾರ! ನಾವು ಬಲ್ಲ ಒಂದು ಸಂಸ್ಥೆಯ ಸ್ಮರಣ ಸಂಚಿಕೆಗೆ ಬರೆಹಗಾರರೊಬ್ಬರು ಆರು ತಿಂಗಳು ದುಡಿದು ಸಾಮಗ್ರಿ ಕೂಡಿಸಿದರು. ಬಿಡುಗಡೆಯ ದಿನ ಅವರಿಗೆ ಶಾಲು ಹೊದಿಸಿದರು. ಸಂಚಿಕೆಯ ಒಂದು ಪ್ರತಿಯನ್ನು ಮಾತ್ರ ಅವರು ಬೆಲೆ ಕೊಟ್ಟೇ ಕೊಳ್ಳಬೇಕಾಯಿತು.

ಇದನ್ನು ಪ್ರಶ್ನಿಸಿದರೆ ಬರುವ ಉತ್ತರ ಒಂದೇ: “ಇದು ಸೇವೆ, ದಾಸೋಹ.” ಈ ಮಾತನ್ನು ಶಾಂತಚಿತ್ತದಿಂದ ಪರಿಶೀಲಿಸಬೇಕು. ಕಾಯಕ ಬೇರೆ, ದಾಸೋಹ ಬೇರೆ. ಕಾಯಕದಿಂದ ನ್ಯಾಯವಾಗಿ ಬಂದುದನ್ನು ತಾನಾಗಿ ಒಪ್ಪಿಸುವುದು ದಾಸೋಹ. ಮೊದಲು ಕಾಯಕದ ಫಲ ಕೈಗೆ ಬರಬೇಕು, ಅನಂತರ ಅದನ್ನು ನೀಡುವ ಮಾತು. ಫಲವನ್ನೇ ಕೊಡದೆ ದಾಸೋಹ ಮಾಡೆಂದರೆ ಅದು ದಾಸೋಹವಾಗದು, ಬಿಟ್ಟಿಯಾದೀತು. ಬಿಟ್ಟಿ ದುಡಿಮೆಯನ್ನು ಶರಣರು ಎಲ್ಲಿಯೂ ಒಪ್ಪಿದಂತೆ ಕಾಣೆವು.

ಈ ಮಾತಿಗೆ ದೂರದ ದೃಷ್ಟಾಂತ ಬೇಕಿಲ್ಲ. ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ದಂಪತಿಗಳು ಇದೇ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಕಲ್ಯಾಣಕ್ಕೆ ಹೋಗಿ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಕೈಕೊಂಡವರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ನಮ್ಮ ಕಾಯಕಕ್ಕೆ ಮೀರಿದುದು, ಆಸೆಯ ಫಲವೆಂದು ಲಕ್ಕಮ್ಮನು ಅವನನ್ನು ಮರಳಿ ಕಳಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಈ ಕಥೆಯನ್ನು ನಾವು ಸಾಮಾನ್ಯವಾಗಿ ಒಂದೇ ಕಡೆಯಿಂದ ಓದುತ್ತೇವೆ, ‘ಹೆಚ್ಚಿನದನ್ನು ಬಯಸಬೇಡ’ ಎಂದು. ಇನ್ನೊಂದು ಕಡೆಯಿಂದಲೂ ಓದಬೇಕು. ಮಾರಯ್ಯನು ತರಬೇಕಾದ ಅಕ್ಕಿ ಇಷ್ಟು ಎಂಬ ಅಳತೆ ಅಲ್ಲಿತ್ತು. ಆ ಅಳತೆಯ ಅಕ್ಕಿ ಅವನದೇ ಆಗಿತ್ತು. ಅದು ಯಾರ ದಯೆಯೂ ಅಲ್ಲ. ಹೆಚ್ಚು ಕೊಳ್ಳುವುದು ಹೇಗೆ ತಪ್ಪೋ, ದುಡಿದವನಿಗೆ ಅಳತೆಗಿಂತ ಕಡಿಮೆ ಕೊಡುವುದೂ ಹಾಗೆಯೇ ತಪ್ಪು. ಹಣವಿಲ್ಲದ ಚಿಕ್ಕ ಪತ್ರಿಕೆಗಳು ಇಲ್ಲವೆಂದಲ್ಲ. ಅಂಥವರು ‘ಸಂಭಾವನೆ ಕೊಡಲಾಗದು’ ಎಂದು ಮೊದಲೇ ತಿಳಿಸಿದರೆ, ಒಪ್ಪಿ ಬರೆದವನದು ನಿಜವಾದ ದಾಸೋಹವಾಗುತ್ತದೆ. ಬರೆಯಿಸಿಕೊಂಡ ಮೇಲೆ ಮೌನವಹಿಸುವುದು ಮಾತ್ರ ಸಲ್ಲದು.

ಕಾನೂನು ಹೇಳುವುದೇನು?

ಸಂಭಾವನೆಯ ಮಾತನ್ನು ಮನಸ್ಸಾಕ್ಷಿಗೆ ಬಿಟ್ಟರೂ, ಕೃತಿಯ ಹಕ್ಕಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ನೌಕರನಲ್ಲದ ಬಿಡಿ ಬರೆಹಗಾರನು ಪತ್ರಿಕೆಗೆ ಬರೆದ ಲೇಖನದ ಮೊದಲ ಹಕ್ಕುದಾರನು ಅವನೇ. ಲೇಖನವನ್ನು ಕಳಿಸಿದ ಮಾತ್ರಕ್ಕೆ ಹಕ್ಕು ಪತ್ರಿಕೆಯದಾಗುವುದಿಲ್ಲ. ಹಕ್ಕಿನ ವರ್ಗಾವಣೆಯು ಬರೆಹದಲ್ಲಿರಬೇಕು, ಅದಕ್ಕೆ ಸಹಿ ಇರಬೇಕು. ಎಷ್ಟು ಕಾಲಕ್ಕೆಂದು ಪತ್ರದಲ್ಲಿ ನಮೂದಿಸದಿದ್ದರೆ ಆ ವರ್ಗಾವಣೆ 5 ವರ್ಷಕ್ಕೆ ಮಾತ್ರ ಸಲ್ಲುತ್ತದೆ. ಎಲ್ಲಿಗೆಂದು ಹೇಳದಿದ್ದರೆ ಭಾರತದೊಳಗೆ ಮಾತ್ರ. ಬರೆದವನ ಜೀವಿತಾವಧಿಯಲ್ಲಿಯೂ ಅವನ ತರುವಾಯ 60 ವರ್ಷಗಳವರೆಗೂ ಈ ಸ್ವಾಮ್ಯ ಇರುತ್ತದೆ. ಎಂದರೆ ತಂದೆಯ ಬರೆಹಗಳು ಮಕ್ಕಳಿಗೆ ಆಸ್ತಿಯೇ.

ಇನ್ನೊಂದು ಅಂಶವು ಹೆಚ್ಚು ಮಹತ್ತ್ವದ್ದು. ಹಕ್ಕನ್ನು ಮಾರಿದ ಮೇಲೂ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಅಧಿಕಾರ ಬರೆದವನಲ್ಲಿಯೇ ಉಳಿಯುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಚಪಡನು ಕಲ್ಲಿನಲ್ಲಿ ಕೆತ್ತಿ ಉಳಿಸಿಕೊಂಡುದನ್ನೇ ಇಂದಿನ ಕಾನೂನು ಕಾಗದದಲ್ಲಿ ಕೊಟ್ಟಿದೆ. ನಮ್ಮ ಮಠಗಳಲ್ಲಿ ಓಲೆಗರಿಯ ಪ್ರತಿಗಳನ್ನು ಮಾಡುತ್ತಿದ್ದವರೂ ಕಟ್ಟಿನ ಕೊನೆಯಲ್ಲಿ ತಮ್ಮ ಹೆಸರನ್ನೂ ಬರೆದು ಮುಗಿಸಿದ ದಿನವನ್ನೂ ನಮೂದಿಸಿ, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ವಿನಯದಿಂದ ಬೇಡಿಕೊಳ್ಳುತ್ತಿದ್ದರು. ಇಂಥ ಪರಂಪರೆಯುಳ್ಳ ಸಮಾಜದಲ್ಲಿ ಅಂತರಜಾಲದಿಂದ ಲೇಖನವನ್ನೆತ್ತಿ, ಹೆಸರನ್ನು ಒರಸಿ, ತಮ್ಮ ಸಂಚಿಕೆಯಲ್ಲಿ ಅಚ್ಚು ಹಾಕುವುದು ಲಜ್ಜೆಗೇಡಿನ ಕೆಲಸವಲ್ಲವೇ?

ಬರೆಹಗಾರನ ಹೊಣೆ

ಹಕ್ಕಿನ ಮಾತನ್ನಾಡಿದ ಮೇಲೆ ಹೊಣೆಯ ಮಾತನ್ನೂ ಆಡಬೇಕು. ಲಕ್ಕಮ್ಮನ ಅಳತೆಯು ಕೊಡುವವರಿಗೆ ಹೇಗೋ ಹಾಗೆಯೇ ಕೊಳ್ಳುವವರಿಗೂ ಅನ್ವಯಿಸುತ್ತದೆ.

ಮೊದಲನೆಯದಾಗಿ, ಅನ್ಯರ ಬರೆಹ ತನ್ನದಲ್ಲ. ಅದು ಮಾರಯ್ಯನು ತಂದ ಹೆಚ್ಚಿನ ಅಕ್ಕಿ. ಮರಳಿ ಸುರಿದು ಬರತಕ್ಕದ್ದು. ನಕಲು ಮಾಡುವವನು ಇನ್ನೊಬ್ಬನ ದುಡಿಮೆಯನ್ನಷ್ಟೇ ಕದಿಯುವುದಿಲ್ಲ, ಅವನ ತಪ್ಪನ್ನೂ ಹರಡುತ್ತಾನೆ. ಒಂದು ಉದಾಹರಣೆ ಕೊಡುತ್ತೇವೆ. ‘ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದು’ ಎಂಬ ವಾಕ್ಯ ಲೇಖನದಿಂದ ಲೇಖನಕ್ಕೆ ಸಾಗಿಬರುತ್ತಲೇ ಇದೆ. ಆ ಹೆಸರು ಮೊದಲು ದೊರೆತದ್ದು ಮಸ್ಕಿಯಲ್ಲಿ ಎಂಬುದು ಸರಿ. ಆದರೆ ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳಗಳಲ್ಲಿಯೂ ಅದೇ ಹೆಸರುಳ್ಳ ಶಾಸನಗಳು ಬೆಳಕಿಗೆ ಬಂದವು. ಊರಿನ ಮೇಲಿನ ಅಭಿಮಾನ ಸತ್ಯವನ್ನು ಮೀರಬಾರದು. ‘ಏಕೈಕ’ವಲ್ಲ, ‘ಮೊಟ್ಟಮೊದಲ’ ಎಂದರೆ ಮಸ್ಕಿಯ ಹಿರಿಮೆಯೇನೂ ಕುಂದದು.

ವಚನಗಳನ್ನು ಉದ್ಧರಿಸುವಾಗಲೂ ಇದೇ ಎಚ್ಚರ ಬೇಕು. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸಮಗ್ರ ವಚನ ಸಂಪುಟಗಳು 15 ಸಂಪುಟಗಳಲ್ಲಿ ಹೊರಬಂದವು. ಈಗ ವಚನಗಳ ಪಾಠ ಅಂತರಜಾಲದಲ್ಲಿಯೂ ಹುಡುಕಲು ಸಿಗುತ್ತದೆ. ಸಿಂಧನೂರಿನ ಸಣ್ಣ ಕೋಣೆಯಲ್ಲಿ ಕುಳಿತವನೂ ಕ್ಷಣಮಾತ್ರದಲ್ಲಿ ಪಾಠವನ್ನು ತಾಳೆ ನೋಡಬಹುದು. ಹೀಗಿರುವಾಗ ಬಸವಣ್ಣನವರ ವಚನಕ್ಕೆ ಬೇರೊಬ್ಬರ ಅಂಕಿತವನ್ನು ಅಂಟಿಸಿ ಅಚ್ಚು ಮಾಡಿಸಿದರೆ ಅದಕ್ಕೆ ಕ್ಷಮೆಯಿಲ್ಲ.

ಎರಡನೆಯದಾಗಿ, ಹೊಗಳಿಕೆಯನ್ನು ಮಾರಬಾರದು. ಅಭಿನಂದನ ಗ್ರಂಥಕ್ಕೆ ಬರೆಯುವಾಗ ಇದ್ದ ಗುಣವನ್ನು ಹೇಳುವುದು ಸೌಜನ್ಯ. ಇಲ್ಲದ ಗುಣವನ್ನು ಕಟ್ಟುವುದು ಅಪಚಾರ. ಹೀಗೆ ಕಟ್ಟಿದ ಗುಣಗಳೇ ಮುಂದೆ ಇತಿಹಾಸವೆಂದು ಉಲ್ಲೇಖಗೊಳ್ಳುತ್ತವೆಂಬುದನ್ನು ನೆನಪಿಡಬೇಕು.

ಮೂರನೆಯದಾಗಿ, ದಫ್ತರವನ್ನಿಡಬೇಕು. ಯಾವ ಲೇಖನ, ಯಾರಿಗೆ, ಯಾವ ದಿನ ಕಳಿಸಿದ್ದು, ಯಾವ ಸಂಚಿಕೆಯಲ್ಲಿ ಬಂತು, ಸಂಭಾವನೆ ಎಷ್ಟು ಬಂತು ಎಂಬ ಒಂದು ಪುಸ್ತಕ ಅವಶ್ಯ. ಒಂದೇ ಲೇಖನವನ್ನು ಏಕಕಾಲಕ್ಕೆ ಇಬ್ಬರಿಗೆ ಕಳಿಸಿ ಸಂಪಾದಕರನ್ನು ಮುಜುಗರಕ್ಕೀಡುಮಾಡಬಾರದು. ಗಣಕಯಂತ್ರದಲ್ಲಿ ಬರೆಯುವವರು ಯೂನಿಕೋಡಿನ ಪ್ರತಿಯೊಂದನ್ನು ತಪ್ಪದೆ ಉಳಿಸಿಕೊಳ್ಳಬೇಕು. ಹಳೆಯ ನುಡಿ ಅಕ್ಷರಗಳಲ್ಲಿ ಮಾತ್ರ ಇರುವ ಲೇಖನವನ್ನು ಅಂತರಜಾಲ ತಾಣಕ್ಕೆ ಕೊಡುವಾಗ ಅದನ್ನು ಮಾರ್ಪಡಿಸಬೇಕಾಗುತ್ತದೆ. ಮಾರ್ಪಡಿಸುವಾಗ ಒತ್ತಕ್ಷರಗಳು ಕೆಡುವುದನ್ನು ಎಲ್ಲರೂ ಬಲ್ಲರು. ಚಿಂತನೆಗೆ ಸಂಬಂಧಿಸಿದ ಲೇಖನಗಳನ್ನು ಬಿಡಿಯಾಗಿಯೇ ಬಿಟ್ಟರೆ ಅವು ಹಳೆಯ ಸಂಚಿಕೆಗಳೊಡನೆ ರದ್ದಿಗೆ ಹೋಗುತ್ತವೆ. ಪಾ.ವೆಂ. ಅವರ ‘ಪದಾರ್ಥ ಚಿಂತಾಮಣಿ’ ಮೊದಲು ‘ಕಸ್ತೂರಿ’ಯ ಅಂಕಣವಾಗಿತ್ತು, ಪುಸ್ತಕವಾಯಿತಾಗಿ ಉಳಿಯಿತು. ಕಲಬುರ್ಗಿಯವರ ಬಿಡಿ ಸಂಶೋಧನ ಲೇಖನಗಳು ‘ಮಾರ್ಗ’ ಸಂಪುಟಗಳಾದವು. ಅವುಗಳಲ್ಲಿ ನಾಲ್ಕನೆಯದಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬಿಡಿಹೂಗಳು ಬಾಡುತ್ತವೆ, ದಂಡೆಯಾದರೆ ಮುಡಿಗೇರುತ್ತವೆ.

ಇತ್ತೀಚೆಗೆ ಯಂತ್ರವೇ ಲೇಖನವನ್ನು ಬರೆದುಕೊಡುವ ಕಾಲ ಬಂದಿದೆ. ಇದರಿಂದ ಬಿಡಿ ಬರೆಹಗಾರರು ಕಳವಳಗೊಂಡಿರುವುದು ಸಹಜ. ಎಲ್ಲರಿಗೂ ತಿಳಿದುದನ್ನು ಮರಳಿ ಬರೆಯುವವನಿಗೆ ಭಯವಿರಬಹುದು. ಆದರೆ ಕಾಲುವೆಯ ಕೊನೆಯಂಚಿಗೆ ನಡೆದುಹೋಗಿ ರೈತನ ಮುಖವನ್ನು ನೋಡಿ ಬಂದವನ ಸಾಕ್ಷ್ಯಕ್ಕೆ ಬದಲಿಯಿಲ್ಲ. ಅಂಥ ಬರೆಹಕ್ಕೆ ಬೆಲೆ ಹೆಚ್ಚಬೇಕೇ ಹೊರತು ಕುಗ್ಗಬಾರದು.

ಮನೆಗಳಿಗೂ ಮಠಗಳಿಗೂ ಒಂದು ಅರಿಕೆ

ಕನ್ಯೆ ನೋಡಲು ಹೋದಲ್ಲಿ “ಹುಡುಗ ಏನು ಮಾಡುತ್ತಾನೆ?” ಎಂಬ ಪ್ರಶ್ನೆಗೆ “ಬರೆಯುತ್ತಾನೆ” ಎಂದರೆ, “ಅದು ಸರಿ, ಕೆಲಸವೇನು?” ಎಂಬ ಮರುಪ್ರಶ್ನೆ ಬರುತ್ತದೆ. ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿಯಾದುದು. ಮನೆಗೆಲಸವೆಲ್ಲ ಮುಗಿದು ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದವಿಟ್ಟು ಬರೆಯುವ ತಾಯಂದಿರಿದ್ದಾರೆ. ಆಕೆಯ ಲೇಖನ ಅಚ್ಚಾದ ದಿನ ಮನೆಯವರು ಸಂತೋಷಪಡುತ್ತಾರೆ. ಬರೆಯುವ ದಿನ ಆಕೆಗೆ ಒಂದು ತಾಸಿನ ಬಿಡುವನ್ನು ಮಾಡಿಕೊಡಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಲಕ್ಕಮ್ಮನ ತಿಳಿವನ್ನು ಕೊಂಡಾಡುವ ಸಮಾಜವು ತನ್ನ ಮನೆಯ ಲಕ್ಕಮ್ಮಂದಿರ ಲೇಖನಿಗೆ ಒಂದು ಮೇಜನ್ನಾದರೂ ಒದಗಿಸಬೇಡವೇ?

ಮಠಗಳ ಪೂಜ್ಯರಲ್ಲಿಯೂ, ಸಂಘಗಳ ಪದಾಧಿಕಾರಿಗಳಲ್ಲಿಯೂ, ನಮ್ಮ ಇಂಥ ಮಾಸಪತ್ರಿಕೆಗಳನ್ನು ನಡೆಸುವ ಬಂಧುಗಳಲ್ಲಿಯೂ ನಮ್ಮ ಅರಿಕೆ ಇಷ್ಟೇ. ಮುಂದಿನ ಜಾತ್ರೆಯ, ಮುಂದಿನ ಶತಮಾನೋತ್ಸವದ ಅಂದಾಜುಪತ್ರಿಕೆಯನ್ನು ಬರೆಯುವಾಗ ಪೆಂಡಾಲು, ಧ್ವನಿವರ್ಧಕ, ಮುದ್ರಣಗಳ ಸಾಲಿನಲ್ಲಿ ‘ಬರೆಹ’ ಎಂದು ಇನ್ನೊಂದು ಸಾಲನ್ನು ಸೇರಿಸಿರಿ. ಮೊತ್ತ ಚಿಕ್ಕದಿದ್ದರೂ ಚಿಂತೆಯಿಲ್ಲ. ಬರೆಯಿಸುವ ಮುನ್ನವೇ ಅದನ್ನು ತಿಳಿಸಿರಿ, ಮುದ್ರಿತ ಪ್ರತಿಗಳನ್ನು ಉಚಿತವಾಗಿ ಕಳಿಸಿರಿ, ಬರೆದವರ ಹೆಸರನ್ನು ತಪ್ಪದೆ ಅಚ್ಚು ಹಾಕಿರಿ. ಹಾರ ಶಾಲುಗಳನ್ನು ಬೇಡವೆನ್ನುವುದಿಲ್ಲ. ಅವು ಸಂಭಾವನೆಯ ಬದಲಿಗೆ ಬಾರದೆ ಅದರ ಜೊತೆಗೆ ಬರಲಿ.

ಬಡಿಗ, ಕಮ್ಮಾರ, ನೇಕಾರ, ಅಂಬಿಗ, ಹಗ್ಗ ಹೊಸೆಯುವವನು, ಅಕ್ಕಿ ಆಯುವವಳು ಎಲ್ಲರ ದುಡಿಮೆಯನ್ನೂ ಒಂದೇ ಸಮಾನವೆಂದು ಎತ್ತಿ ಹಿಡಿದ ಪರಂಪರೆ ನಮ್ಮದು. ಆ ಪಂಕ್ತಿಯಲ್ಲಿ ಅಕ್ಷರ ಆಯುವವನಿಗೂ ಒಂದು ಎಲೆ ಹಾಕಿದರೆ ಪಂಕ್ತಿಗೆ ಕೊರತೆಯಾಗದು.